ಜೋಗಿನಿ ಜಲಪಾತದ ದಾರಿಯಲ್ಲಿ ಹೆಗಲು ಕೊಟ್ಟವರಿಗೆ

ಮಲ್ಪೆಯ ಕಡಲತೀರದಲ್ಲಿ ಬೆಳೆದ ನಾನು, ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಮೊದಲ ಬಾರಿಗೆ ಬೆಟ್ಟದ ಹಾದಿ ತುಳಿದ ದಿನವೇ, ಜೋಗಿನಿ ಜಲಪಾತ ನೋಡಿ ಇಳಿಯುವಾಗ ಒದ್ದೆ ಕಲ್ಲಿನ ಮೇಲೆ ಜಾರಿ ಪಾದ ಉಳುಕಿಸಿಕೊಂಡೆ. ಜೊತೆಯವರು ಮುಂದೆ ಹೋಗಿಯಾಗಿತ್ತು. ನನ್ನ ‘ಅಯ್ಯೋ ದೇವರೇ’ ಕೇಳಿಸಿಕೊಂಡ ಹಿರಿಯರೊಬ್ಬರು, “ಯಾವ ಊರು ಮಗಾ?” ಎಂದು ಕನ್ನಡದಲ್ಲೇ ವಿಚಾರಿಸಿದಾಗ ಅರ್ಧ ನೋವು ಇಳಿದಂತಾಯಿತು. ಅವರು ಮಂಗಳೂರಿನವರು. ಚೀಲದಿಂದ ಬೈರಾಸು (ಟವೆಲು) ತೆಗೆದು, ತೊರೆಯ ತಣ್ಣೀರಿನಲ್ಲಿ ಅದ್ದಿ ಕಾಲಿಗೆ ಸುತ್ತಿದರು. ತಮ್ಮ ಊರುಗೋಲನ್ನು ನನಗೆ ಕೊಟ್ಟು, ಪ್ರತಿ ಇಳಿಜಾರಿನಲ್ಲೂ ನನಗಿಂತ ಒಂದು ಹೆಜ್ಜೆ ಕೆಳಗೆ ನಿಂತು ಹೆಗಲು ನೀಡಿದರು. ವಸಿಷ್ಠ ಗ್ರಾಮದ ಬಿಸಿನೀರಿನ ಕುಂಡದ ಬಳಿ ತಲುಪಿದಾಗ, ಹೊಸ ಉಳುಕಿಗೆ ಬಿಸಿ ತಾಗಿಸಬಾರದೆಂದು ಎಚ್ಚರಿಸಿ, ನಮ್ಮವರು ಬರುವ ತನಕ ಪಕ್ಕದಲ್ಲೇ ಕುಳಿತಿದ್ದರು. ಗಾಬರಿಯಲ್ಲಿ ಹೆಸರು ಕೇಳಲಿಲ್ಲ. ಹಿರಿಯರೇ, ನಿಮಗೆ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಬೈರಾಸನ್ನು ಒಗೆದು ಮಡಚಿ ಇಟ್ಟಿದ್ದೇನೆ.