ಮಗಳಿಗೊಂದು ಪತ್ರ: ಒಲೆ ಹಚ್ಚುವ ಮೊದಲು

ಶಿರಸಿ

ಪ್ರೀತಿಯ ಕೂಸೇ,

ಮಿಕ್ಕಿದ ಅಡುಗೆಯನ್ನು ಏನು ಮಾಡಲಿ ಆಯಿ ಎಂದು ಫೋನಿನಲ್ಲಿ ಕೇಳಿದೆಯಲ್ಲ, ನಾನು ಅದಕ್ಕೂ ಮುಂಚಿನದನ್ನು ಹೇಳುತ್ತೇನೆ: ಎಷ್ಟು ಬೇಯಿಸಬೇಕು ಎಂಬುದನ್ನು. ಇಲ್ಲಿ ನಮಗೆ ಕೊಟ್ಟಿಗೆಯಿದೆ. ಅಕ್ಕಚ್ಚು, ಹಲಸಿನ ಸಿಪ್ಪೆ ಎಲ್ಲ ದನಕ್ಕೆ, ಉಳಿದದ್ದು ತೋಟದ ಗೊಬ್ಬರಗುಂಡಿಗೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಆ ಆಸರೆ ಇಲ್ಲ. ಬಿಸಾಡಿದ ಅನ್ನ ಕಸದ ರಾಶಿ ಸೇರಿದರೆ ಗಾಳಿಯಾಡದೆ ಕೊಳೆತು ಮೀಥೇನ್ ಹುಟ್ಟುತ್ತದೆ. ಭೂಮಿಯ ಬಿಸಿ ಏರಿಸುವ ಅನಿಲ ಅದು. ನಾವು ಮದುವೆಮನೆಯ ಎಂಜಲೆಲೆ ನೋಡಿ ಮರುಗುತ್ತೇವೆ. ಆದರೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ನೋಡು. 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ, ಸಿಪ್ಪೆ ಮೂಳೆಗಳೂ ಸೇರಿ, ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಮನೆಯ ಅಡುಗೆಮನೆಗಳದ್ದೇ.

ಹಾಗಾಗಿ ಅಕ್ಕಿಯನ್ನು ಕಣ್ಣಂದಾಜಿನಲ್ಲಿ ಹಾಕಬೇಡ, ಅಳೆದು ಹಾಕು. ಒಬ್ಬಳ ಒಂದು ಹೊತ್ತಿನ ಊಟಕ್ಕೆ 75ರಿಂದ 100 ಗ್ರಾಂ ಸಾಕು. ಅದು ಬೆಂದಾಗ ಎರಡೂವರೆ, ಮೂರು ಪಟ್ಟು ತೂಗುತ್ತದೆ. ಮಿಕ್ಕರೆ ಕುಕ್ಕರಿನಲ್ಲೇ ರಾತ್ರಿಯಿಡೀ ಬಿಡಬೇಡ. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ತಾಸಿನೊಳಗೆ ಫ್ರಿಜ್ಜಿನಲ್ಲಿಡು. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಕಣ ಅನ್ನದಲ್ಲಿರುತ್ತದೆ. ಬೆಚ್ಚಗೆ ಬಿಟ್ಟರೆ ಅದು ಬೆಳೆದು ವಿಷ ಬಿಡುತ್ತದೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಉಳಿತಾಯವೆಂದು ಹಳಸಿದ್ದನ್ನು ಮಾತ್ರ ತಿನ್ನಬೇಡ, ಕೂಸೇ. ಸರಿಯಾಗಿ ಇಟ್ಟ ಅನ್ನವನ್ನು ಮರುದಿನ ದೋಸೆ ಹಿಟ್ಟಿಗೆ ಸೇರಿಸಿ ರುಬ್ಬು, ದೋಸೆ ಮೆತ್ತಗಾಗುತ್ತದೆ.

ತೆಂಗಿನಕಾಯಿ ಒಡೆದರೆ ಕಣ್ಣಿರುವ ಹೋಳನ್ನು ಮೊದಲು ಬಳಸು. ಉಳಿದದ್ದನ್ನು ತುರಿದು ಫ್ರೀಜರಿನಲ್ಲಿಡು.

ಇನ್ನು ಸಿಪ್ಪೆಯ ವಿಷಯ. ಇದರಲ್ಲಿ ನಮ್ಮ ಸೀಮೆಯವರ ಕೈ ಯಾರಿಗೂ ಕಡಿಮೆಯಿಲ್ಲ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ದಾಳಿಂಬೆ ಸಿಪ್ಪೆಯನ್ನು ತುಪ್ಪದಲ್ಲಿ ಹುರಿದು, ಜೀರಿಗೆ, ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಕಿತ್ತಳೆ ಸಿಪ್ಪೆ ಗೊಜ್ಜಿಗೆ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನು ನೆನೆಸಿದ ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ಯಿ, ಉದ್ದು ಬೇಡವೇ ಬೇಡ. ಹಲಸಿನ ಬೇಳೆಯನ್ನು ಕೆಮ್ಮಣ್ಣು ಸವರಿ ಮಳೆಗಾಲಕ್ಕೆಂದು ಕಾಪಿಡುತ್ತಿದ್ದ ಅಮ್ಮಮ್ಮನಿಗೆ ಇದನ್ನೆಲ್ಲ ಯಾರೂ ಕಲಿಸಬೇಕಾಗಿರಲಿಲ್ಲ. ಬೆಳೆದವರ ಬೆವರು ಅವಳ ಕಣ್ಣೆದುರೇ ಇತ್ತು. ನಿನಗೆ ಅಲ್ಲಿ ಅದು ಕಾಣುವುದಿಲ್ಲವೆಂಬುದೇ ನನ್ನ ಚಿಂತೆ.

ವಾರದ ತರಕಾರಿ ಒಟ್ಟಿಗೆ ತರಬೇಡ. ಸೊಪ್ಪನ್ನಂತೂ ಬೇಕಾದ ದಿನವೇ ತಾ.

ಶನಿವಾರದ ಬಸ್ಸಿಗೆ ಮೊಗೆಕಾಯಿ, ಅದೇ ಮಂಗಳೂರು ಸೌತೆ, ಕಳಿಸುತ್ತೇನೆ. ಒಂದಕ್ಕೊಂದು ತಾಗದಂತೆ ನಾರಿನಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೆಚ್ಚಿದಾಗ ತಿರುಳು, ಬೀಜ ಎಸೆಯಬೇಡ. ರುಬ್ಬಿ ಸೋಸಿ ಸಾರು ಮಾಡು. ಹೇಗಾಯಿತೆಂದು ಫೋನ್ ಮಾಡಿ ಹೇಳು.

ನಿನ್ನ ಆಯಿ