ನನ್ನ ದನಿ ಹೋಗಿದ್ದಾಗ ಓದಿದವರಿಗೆ

ಹೋದ ವಾರ ಡಾಕ್ಟರು ನನ್ನ ಗಂಟಲು ನೋಡಿ, "ಇನ್ನ ಬರೋದು ಬ್ಯಾಡ್ರಿ ಟೀಚರ್, ಎಲ್ಲಾ ಛಲೋ ಐತಿ" ಅಂದರು. ಹುಬ್ಬಳ್ಳಿಯಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು, ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಬೆರಳಲ್ಲಿ ಎಣಿಸಿದೆ. ಲಕ್ಷ್ಮೇಶ್ವರ ಬಂದರೂ ಎಣಿಕೆ ಮುಗಿದಿರಲಿಲ್ಲ. ಎಲ್ಲರ ಮನೆಗೂ ಹೋಗಿ ಹೇಳೋದು ಆಗದ ಮಾತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಕ್ಷ್ಮೇಶ್ವರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೆಯ ತರಗತಿಗೆ ಕನ್ನಡ ಕಲಿಸುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. 2024ರ ಆಗಸ್ಟ್‌ನಲ್ಲಿ ನನ್ನ ದನಿ ಒಡೆಯಲು ಶುರುವಾಯಿತು. ಬೆಳಿಗ್ಗೆಯ ಮೊದಲ ಪಿರಿಯಡ್ ಹೇಗೋ ನಡೆಯುತ್ತಿತ್ತು. ಬಿಸಿಯೂಟದ ಹೊತ್ತಿಗೆ ಬಾಯಿಂದ ಬರೀ ಗಾಳಿ. ಮೊದಲು ತೋರಿಸಿದ ಕಡೆ ನೆಗಡಿ ಅಂದರು. ಎರಡು ತಿಂಗಳು ಔಷಧಿ ಕುಡಿದೆ. ದಸರಾ ರಜೆಯಲ್ಲಿ ಹುಬ್ಬಳ್ಳಿಗೆ ಹೋದಾಗ ನಿಜ ಗೊತ್ತಾಯಿತು. ಧ್ವನಿತಂತುಗಳ ಮೇಲೆ ಗಂಟು ಬೆಳೆದಿತ್ತು. ವರ್ಷಗಟ್ಟಲೆ ಜೋರಾಗಿ ಮಾತಾಡುವವರಿಗೆ, ಅಂದರೆ ಶಿಕ್ಷಕರಿಗೆ, ಹಾಡುವವರಿಗೆ ಬರುವ ತೊಂದರೆ ಇದು. ನವೆಂಬರ್‌ನಲ್ಲಿ ಆಪರೇಷನ್ ಆಯಿತು.

ಆಮೇಲೆ ಒಂದು ವಾರ ಒಂದೇ ಒಂದು ಮಾತು ಆಡುವ ಹಾಗಿರಲಿಲ್ಲ. ಪಿಸುಮಾತೂ ಬೇಡ ಅಂದಿದ್ದರು, ಅದರಿಂದಲೂ ತಂತುಗಳಿಗೆ ತ್ರಾಸಾಗುತ್ತದಂತೆ. ಅದಾದ ಮೇಲೂ ಒಂದು ತಿಂಗಳು ಎಣಿಸಿ ಎಣಿಸಿ ಮಾತಾಡಬೇಕಿತ್ತು. ಆ ಡಾಕ್ಟರಿಗೆ, ಮತ್ತೆ ದನಿ ಕಲಿಸಿಕೊಟ್ಟ ಸ್ಪೀಚ್ ಥೆರಪಿಯ ಹುಡುಗಿಗೆ ನನ್ನ ಮೊದಲ ನಮಸ್ಕಾರ. ಆಕೆ ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ಹೊಟ್ಟೆಯಿಂದ ಉಸಿರು ತಗೊಂಡು ಮಾತಾಡೋದು ಹೇಗೆ, ಗಂಟಲು ಕಟ್ಟಿದಾಗ ಖ್ಯಾಕರಿಸದೆ ಒಂದು ಗುಟುಕು ನೀರು ಕುಡಿಯೋದು ಹೇಗೆ, ಎಲ್ಲ ಹೇಳಿಕೊಟ್ಟಳು. ನಾನು ತಪ್ಪಿದಾಗೆಲ್ಲ ಮುಖ ಸಿಂಡರಿಸದೆ ಮತ್ತೆ ಮಾಡಿ ತೋರಿಸುತ್ತಿದ್ದಳು. ಕಲಿಯೋ ಮಕ್ಕಳಿಗೆ ನಮ್ಮ ಮುಖ ಹೇಗೆ ಕಾಣುತ್ತೆ ಅಂತ ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು.

ನಮ್ಮ ಹೆಡ್ ಮಾಸ್ತರರು ನಾನು ಬಾಯಿಬಿಟ್ಟು ಕೇಳುವ ಮೊದಲೇ ಟೈಮ್ ಟೇಬಲ್ ಬದಲಿಸಿದರು. ಗಣಿತದ ಸರ್ ತಮ್ಮ ಪಿರಿಯಡ್ ಬಿಟ್ಟುಕೊಟ್ಟು ನನ್ನ ಕ್ಲಾಸಿನ ಹಿಂದೆ ಬಂದು ನಿಲ್ಲುತ್ತಿದ್ದರು, ಗದ್ದಲ ಆದರೆ ಇರಲಿ ಅಂತ. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ದುಡ್ಡು ಕೂಡಿಸಿ ಕೊರಳಿಗೆ ಹಾಕಿಕೊಳ್ಳುವ ಸಣ್ಣ ಮೈಕ್ ತಂದುಕೊಟ್ಟರು. ಬಿಸಿಯೂಟ ಮಾಡುವ ಅವ್ವ ತಾಸಿಗೊಮ್ಮೆ ಸ್ಟೀಲ್ ಲೋಟದಲ್ಲಿ ಬಿಸಿನೀರು ತಂದು ಟೇಬಲ್ ಮೇಲಿಟ್ಟು, ನಾನು ಕುಡಿಯುವ ತನಕ ಅಲ್ಲೇ ನಿಲ್ಲುತ್ತಿದ್ದಳು. ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಕಂಡಕ್ಟರ್ ಊರಿನ ಹೆಸರು ಕೇಳದೆ ಝೀರೋ ಟಿಕೆಟ್ ಹರಿದು ಕೊಡುತ್ತಿದ್ದರು. ಇವರೆಲ್ಲರಿಗೂ ಕೈ ಮುಗಿಯುತ್ತೇನೆ.

ಆದರೆ ಈ ಬರಹ ಹೆಚ್ಚಾಗಿ ನನ್ನ ಏಳನೆಯ ತರಗತಿಯ ಮೂವತ್ತೊಂದು ಮಕ್ಕಳಿಗಾಗಿ.

ಹತ್ತೊಂಬತ್ತು ವರ್ಷ ನಾನು ಪಾಠ ಮಾಡಿದ್ದು ಒಂದೇ ರೀತಿ. ನಾನು ಒಂದು ಸಾಲು ಓದೋದು, ಮಕ್ಕಳು ಒಟ್ಟಿಗೆ ಹೇಳೋದು. ಕ್ಲಾಸು ಗುಯ್ಗುಡುತ್ತಿತ್ತು. ಹೊರಗೆ ನಿಂತು ಕೇಳಿದವರಿಗೆ ಎಲ್ಲರೂ ಓದುತ್ತಿದ್ದಾರೆ ಅನಿಸುತ್ತಿತ್ತು. ನನಗೂ ಹಾಗೇ ಅನಿಸುತ್ತಿತ್ತು. ಡಿಸೆಂಬರ್ ಮೊದಲ ವಾರ ವಾಪಸ್ ಬಂದಾಗ ನನಗೆ ಓದಿ ಹೇಳಲು ದನಿ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರ ಪಕ್ಕ ನೆಲದ ಮೇಲೆ ಕೂತೆ. ಬೆರಳಿಟ್ಟು ಓದು ಅಂತ ಕೈಸನ್ನೆ ಮಾಡಿದೆ.

ಮೂರನೆಯ ಸಾಲಿನಲ್ಲಿ ಕೂರುವ ಒಬ್ಬ ಹುಡುಗ ಪದ್ಯ ಚೆಂದ ಹೇಳುತ್ತಾನೆ. ರಾಗ, ತಾಳ ಎಲ್ಲ ಸರಿ. ಅವನ ಬಾಯಿ ಐದನೆಯ ಸಾಲು ಹೇಳುತ್ತಿತ್ತು. ಬೆರಳು ಮೂರನೆಯ ಸಾಲಿನ ಮೇಲಿತ್ತು. ನಾನು ಅವನ ಬೆರಳು ಹಿಡಿದು ಕೆಳಗಿನ ಬೇರೆ ಪಾಠದ ಒಂದು ಸಾಲಿನ ಮೇಲಿಟ್ಟೆ. ಅವನು ಸುಮ್ಮನಾದ. ಬಹಳ ಹೊತ್ತಾದ ಮೇಲೆ, "ಅಕ್ಕೋರ, ಇದು ನೀವು ಇನ್ನಾ ಓದಿಲ್ರಿ" ಅಂದ.

ಅವನು ಇಷ್ಟು ದಿನ ಪುಸ್ತಕ ಓದಿರಲಿಲ್ಲ. ನನ್ನ ದನಿಯನ್ನು ಓದಿದ್ದ.

ಹಾಗೆ ಲೆಕ್ಕ ಹಾಕಿದರೆ ಮೂವತ್ತೊಂದರಲ್ಲಿ ಒಂಬತ್ತು ಮಕ್ಕಳು ಸಿಕ್ಕರು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಇವರೆಲ್ಲ ಎರಡನೆಯ ತರಗತಿಯವರು. ನಲಿಕಲಿಯ, ಅಂದರೆ ಒಂದರಿಂದ ಮೂರನೆಯ ತರಗತಿಯವರೆಗೆ ಆಡುತ್ತ ಕಲಿಯುವ ಪದ್ಧತಿಯ, ಮೂರನೆಯ ವರ್ಷ ಇವರಿಗೆ ಸರಿಯಾಗಿ ಸಿಗಲೇ ಇಲ್ಲ. ಅಕ್ಷರ ಬರುತ್ತಿತ್ತು. ಕಾಗುಣಿತವೂ ತಕ್ಕಮಟ್ಟಿಗೆ ಬರುತ್ತಿತ್ತು. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದರು. ಅಕ್ಕ, ಅಮ್ಮ ಆದರೆ ತೊಂದರೆ ಇಲ್ಲ, ಒತ್ತೂ ಅದೇ ಅಕ್ಷರದ್ದು. ಶಾಸ್ತ್ರ, ಲಕ್ಷ್ಮಿ ಬಂದರೆ ಕಷ್ಟ. ಎಲ್ಲಕ್ಕಿಂತ ಕಾಡಿದ್ದು ಅರ್ಕಾವತ್ತು. 'ಸೂರ್ಯ' ಅನ್ನೋ ಪದ ನೋಡಿ. ಕಣ್ಣಿಗೆ ಮೊದಲು ಕಾಣೋದು ಯ, ಆಮೇಲೆ ರಕಾರದ ಗುರುತು. ಬಾಯಲ್ಲಿ ಮಾತ್ರ ರ್ ಮೊದಲು ಬರಬೇಕು, ಯ ಆಮೇಲೆ. ಓದಿ ರೂಢಿ ಇದ್ದವರಿಗೆ ಇದು ಗೊತ್ತೇ ಆಗೋದಿಲ್ಲ. ಆ ಹುಡುಗ 'ಸೂಯ' ಅಂತ ಓದಿದಾಗ ಅವನು ಕಣ್ಣಿಗೆ ಕಂಡಿದ್ದನ್ನೇ ಓದಿದ್ದ ಅಲ್ವಾ?

ಅವನನ್ನು ಕೈ ಹಿಡಿದು ಶಾಲೆಯ ಹೊರಗೆ ಕರೆದುಕೊಂಡು ಹೋದೆ. ನಮ್ಮ ಶಾಲೆಯ ಬೋರ್ಡ್‌ನ ಮೊದಲ ಪದವೇ 'ಸರ್ಕಾರಿ'. ಏಳು ವರ್ಷ ಅದರ ಕೆಳಗೇ ಓಡಾಡಿದವನು. ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದೆ, ರಕಾರದ ಗುರುತನ್ನು ಕಾ ಹಿಂದಿನಿಂದ ಎತ್ತಿ ಮುಂದಕ್ಕೆ ತಂದು ಇಟ್ಟ ಹಾಗೆ ಕೈ ಆಡಿಸಿದೆ. ನಾಲ್ಕು ಸಲ ನೋಡಿದ. ಐದನೆಯ ಸಲ "ಸರ್... ಕಾರಿ" ಅಂದ. ಅಂದವನೇ ಒಳಗೆ ಓಡಿ ನಕಾಶೆಯ ಮೇಲಿದ್ದ 'ಕರ್ನಾಟಕ' ಓದಿದ, ಗೋಡೆ ಮೇಲಿದ್ದ 'ವರ್ಷ' ಓದಿದ, ಆಫೀಸ್ ಬಾಗಿಲ ಮೇಲಿದ್ದ 'ಕಾರ್ಯಾಲಯ' ಓದಿದ. ಅವತ್ತು ನನಗೆ ದನಿ ಇದ್ದಿದ್ದರೆ ಮೊದಲ ಸಲವೇ ನಾನೇ 'ಸರ್ಕಾರಿ' ಅಂತ ಹೇಳಿಬಿಡುತ್ತಿದ್ದೆ. ಅವನು ನನ್ನ ಹಿಂದೆ ಹೇಳುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು.

ಆ ಒಂಬತ್ತು ಮಕ್ಕಳ ಜೊತೆ ಓದಿದ ಉಳಿದ ಇಪ್ಪತ್ತೆರಡು ಮಕ್ಕಳೇ, ನಿಮಗೆ ನಾನು ಏನು ಹೇಳಲಿ? ನಿಮ್ಮನ್ನು ಜೋಡಿ ಮಾಡಿದ್ದು ಮಾತ್ರ ನಾನು. ಬಾಯಿ ಹಾಕದೆ ಕಾಯೋದನ್ನು ನೀವು ನನಗಿಂತ ಬೇಗ ಕಲಿತಿರಿ. ಹತ್ತಿ ಬಿಡಿಸಲು ಹೋದ ದಿನಗಳಲ್ಲಿ ಚೀಲದ ಮೇಲಿನ ಅಕ್ಷರ, ಬೀಜದ ಪಾಕೀಟಿನ ಅಕ್ಷರ, ಲಗ್ನಪತ್ರಿಕೆ, ಏನು ಸಿಕ್ಕರೂ ಒತ್ತಕ್ಷರ ಹುಡುಕಿ ಬರೆದುಕೊಂಡು ಬಂದಿರಿ. ಆ ಚೀಟಿಗಳೆಲ್ಲ ನನ್ನ ಕಪಾಟಿನಲ್ಲಿವೆ.

ವ್ಯಾಕರಣದ ಪಾಠವೂ ಮಾತಿಲ್ಲದೆ ನಡೆಯಿತು. ರಟ್ಟಿನ ಕಾರ್ಡ್ ಕೊರಳಿಗೆ ಹಾಕಿಕೊಂಡು ಮಕ್ಕಳೇ ಪದ ಆದರು. 'ಮಳೆ' ಮತ್ತು 'ಕಾಲ' ಹತ್ತಿರ ಬಂದಾಗ ಕ ಹಾಕಿಕೊಂಡವಳು ಹೊರಗೆ, ಗ ಹಾಕಿಕೊಂಡವಳು ಅವಳ ಜಾಗಕ್ಕೆ. ಮಳೆಗಾಲ. ಆದೇಶ ಸಂಧಿ. 'ಊರು' ಮತ್ತು 'ಅಲ್ಲಿ' ಸೇರುವಾಗ ಉಕಾರದ ಹುಡುಗ ಸಾಲು ಬಿಟ್ಟು ಹೋಗಿ ಕೂತ. ಊರಲ್ಲಿ. ಲೋಪ ಸಂಧಿ. 'ಮನೆ' ಮತ್ತು 'ಅಲ್ಲಿ' ನಡುವೆ ಯಕಾರದ ಹುಡುಗಿ ಬಂದು ಇಬ್ಬರ ಕೈ ಹಿಡಿದಳು. ಮನೆಯಲ್ಲಿ. ಆಗಮ ಸಂಧಿ. ಆಗ ಹಿಂದಿನಿಂದ ಒಬ್ಬಳು ಎದ್ದು ನಿಂತು ಕೇಳಿದಳು, "ಅಕ್ಕೋರ, ನಾವು ಮನ್ಯಾಗ ಅಂತೀವಲ್ರಿ, ಅದರಾಗೂ ಯಕಾರ ಐತಲ್ರಿ? ಊರಾಗ ಅಂದ್ರ ಉಕಾರ ಹೋಗ್ತೈತಿ. ಹಂಗಾದ್ರ ನಮ್ಮವ್ವಗೂ ಸಂಧಿ ಬರ್ತಾವೇನ್ರಿ?"

ಬರ್ತಾವೆ. ಖಂಡಿತ ಬರ್ತಾವೆ. ನಾನು ಓಡಿ ಹೋಗಿ ಬೋರ್ಡ್ ಮೇಲೆ ದೊಡ್ಡದಾಗಿ ಅದನ್ನೇ ಬರೆದೆ. 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವ ಸೀಮೆಯದು ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಆ ಪುಲಿಗೆರೆ ನಮ್ಮ ಲಕ್ಷ್ಮೇಶ್ವರ. ಈ ಮಕ್ಕಳು ದಿನಾ ಬಸ್ ಹತ್ತುವ ಊರು. ಇಷ್ಟು ವರ್ಷ ನಾನು ವಹಿಯಲ್ಲಿ 'ಮನ್ಯಾಗ' ಕಂಡಾಗೆಲ್ಲ ಕೆಂಪು ಗೆರೆ ಎಳೆದಿದ್ದೆ. ಈಗ ಪಕ್ಕದಲ್ಲಿ 'ಮನೆಯಲ್ಲಿ' ಅಂತಲೂ ಬರೆಯಿರಿ ಅನ್ನುತ್ತೇನೆ. ಎರಡೂ ಇರಲಿ. ಪರೀಕ್ಷೆಗೆ ಒಂದು, ಅವ್ವನಿಗೆ ಒಂದು. ಆ ಹುಡುಗಿಗೆ ನಾನು ಅವತ್ತು ಬಾಯಿಬಿಟ್ಟು ಶಭಾಷ್ ಅನ್ನಲು ಆಗಲಿಲ್ಲ. ಈಗ ಹೇಳುತ್ತೇನೆ. ಶಭಾಷ್, ತಂಗಿ.

ಇನ್ನೊಂದು ಸಂಗತಿ. ನಾನು ಸಣ್ಣ ಪಾಟಿಯ ಮೇಲೆ ಬರೆದು ಮಕ್ಕಳನ್ನು ಮಾತಾಡಿಸುತ್ತಿದ್ದೆ. ಅವರಿಗೆ ದನಿ ಇದೆ, ಹೇಳಿದರೆ ನನಗೆ ಕೇಳುತ್ತದೆ. ಆದರೂ ಅವರು ಬಳಪ ಇಸಿದುಕೊಂಡು ಬರೆದೇ ಉತ್ತರ ಕೊಡಲು ಶುರು ಮಾಡಿದರು. ನಿಬಂಧ ಬರೆಯಿರಿ ಅಂದರೆ ನಾಲ್ಕು ಸಾಲಿಗೆ ನಿಲ್ಲುತ್ತಿದ್ದ ಒಬ್ಬಳು ಒಂದು ಬೆಳಿಗ್ಗೆ ಪಾಟಿ ತುಂಬ ಬರೆದಳು: "ನಮ್ಮ ಎಮ್ಮಿ ರಾತ್ರಿ ಈದೈತ್ರಿ. ಕರ ಹೆಣ್ಣ. ಅಪ್ಪ ಕಂದೀಲ ಹಿಡದಿದ್ದ. ನಾ ಮಕ್ಕೊಂಡಿಲ್ರಿ." ನಾನು ಕೆಳಗೆ "ಕರುವಿಗೆ ಏನು ಹೆಸರಿಟ್ಟಿರಿ?" ಅಂತ ಬರೆದೆ. ಆಕೆ ಅಳಿಸಿ ಮತ್ತೆ ಬರೆದಳು, "ಕರುವಿಗೆ" ಅನ್ನುವುದನ್ನು ನನ್ನ ಸಾಲಿನಿಂದ ನೋಡಿಕೊಂಡು. ಚತುರ್ಥಿ ವಿಭಕ್ತಿ ಅಂತ ಯಾರೂ ಹೇಳಿರಲಿಲ್ಲ. ಫೆಬ್ರುವರಿ ಹೊತ್ತಿಗೆ ಪಾಟಿ ಸಾಲದೆ ಎಲ್ಲರಿಗೂ ಒಂದೊಂದು ನೂರು ಪುಟದ ನೋಟ್‌ಬುಕ್ ಬೇಕಾಯಿತು. ಅದಕ್ಕೆ ದುಡ್ಡು ಕೊಟ್ಟ ನಮ್ಮೂರ ಕಿರಾಣಿ ಅಂಗಡಿಯವರಿಗೂ ನನ್ನ ನಮಸ್ಕಾರ.

ದನಿ ಪೂರ್ತಿ ಬಂದ ಮೇಲೂ ನಾನು ಮೊದಲು ಓದೋದನ್ನು ಬಿಟ್ಟಿದ್ದೇನೆ. ಮಕ್ಕಳು ಓದಿದ ಮೇಲೆ ಓದುತ್ತೇನೆ. ಪದ್ಯಕ್ಕೆ ರಾಗ ಹಾಕಿ ಹೇಳೋದೂ ಆಮೇಲೆಯೇ. ಮಾರ್ಚ್ ಹೊತ್ತಿಗೆ ಒಂಬತ್ತರಲ್ಲಿ ಏಳು ಮಕ್ಕಳು ಹೊಸ ಪುಟವನ್ನು ತಾವೇ ಓದಿದರು. ಇಬ್ಬರಿಗೆ ಇನ್ನೂ ಸಮಯ ಬೇಕು. ಅವರಿಬ್ಬರ ಅವ್ವಂದಿರು ರಜೆಯಲ್ಲಿ ವಾರಕ್ಕೆ ಮೂರು ದಿನ ಮಕ್ಕಳನ್ನು ನನ್ನ ಮನೆಗೆ ಕಳಿಸಲು ಒಪ್ಪಿದ್ದಾರೆ. ಕೂಲಿ ಬಿಟ್ಟು ಬಸ್ ಹತ್ತಿಸಿ ಹೋಗುವ ಆ ಇಬ್ಬರು ತಾಯಂದಿರಿಗೆ ಎಷ್ಟು ಹೇಳಿದರೂ ಕಡಿಮೆ.

ಈಗ ಏಳನೆಯ ತರಗತಿ ಮುಗಿಯಿತು. ಮಕ್ಕಳು ಎಂಟಕ್ಕೆ ಬೇರೆ ಬೇರೆ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿನ ಕನ್ನಡ ಶಿಕ್ಷಕರಲ್ಲಿ ಒಂದು ವಿನಂತಿ, ನೀವು ಯಾರೇ ಆಗಿರಲಿ, ಮುಂಚೆಯೇ ನಿಮಗೆ ಥ್ಯಾಂಕ್ಸ್. ಜೂನ್‌ನಲ್ಲಿ ಒಬ್ಬ ಹುಡುಗ ಬರುತ್ತಾನೆ. ಪದ್ಯ ಚೆಂದ ಹೇಳುತ್ತಾನೆ. ಗದ್ಯ ಓದುವಾಗ ಸಾಲಿನ ಕೆಳಗೆ ಬೆರಳಿಡುತ್ತಾನೆ, ಬೆರಳು ತೆಗಿ ಅನ್ನಬೇಡಿ. ಅರ್ಕಾವತ್ತು ಬಂದಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ನೀವು ಹೇಳಿಕೊಡಬೇಡಿ. ಸುಮ್ನೆ ಪಕ್ಕದಲ್ಲಿ ನಿಂತಿರಿ. ಓದುತ್ತಾನೆ.