ಮದ್ದು ಬೀಸುವ ಕಲ್ಲಿನ ಮುಂದೆ: ಚಿತ್ರದುರ್ಗ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ನಮಸ್ಕಾರ. ನಾನು ದುರ್ಗದ ಕೋಟೆಯಲ್ಲಿ 20 ವರ್ಷಕ್ಕೂ ಜಾಸ್ತಿ ಕಾಲದಿಂದ ಗೈಡ್ ಕೆಲಸ ಮಾಡುತ್ತಿದ್ದೇನೆ. ಹಳ್ಳಿಗಳ ಗ್ರಂಥಾಲಯಗಳು ನಿಮ್ಮ ಕೈಕೆಳಗೆ ಬರುತ್ತವೆ. ಅವು ಸಂಜೆ ಮಕ್ಕಳಿಗೆ ತೆರೆದಿರಲಿ ಅಂತ ಕೇಳಲು ಈ ಪತ್ರ ನಿಮಗೆ.

"ಮೊಬೈಲ್ ಬಂದು ಮಕ್ಕಳು ದಡ್ಡರಾದರು" ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತದೆ. ಮೇಷ್ಟ್ರುಗಳು ಹೇಳುತ್ತಾರೆ, ಅಪ್ಪ ಅಮ್ಮಂದಿರು ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ಹೇಳಲು ಬಾಯಿ ಬರುವುದಿಲ್ಲ.

ಕೋಟೆಯೊಳಗೆ ಒಂದು ಗುಂಡಿಯಲ್ಲಿ ಮದ್ದು, ಅಂದರೆ ಫಿರಂಗಿಯ ಸಿಡಿಮದ್ದು, ಬೀಸುವ 4 ಕಲ್ಲುಗಳಿವೆ. ಅಂಚಿನ ಸುತ್ತ ಹಲ್ಲು ಕೊರೆದಿರುವ ಭಾರೀ ಕಲ್ಲುಗಳು. ಪ್ರವಾಸಕ್ಕೆ ಬಂದ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಕೇಳುತ್ತೇನೆ: "ಇಷ್ಟು ದೊಡ್ಡ ಕಲ್ಲನ್ನ ಹೇಗೆ ತಿರುಗಿಸ್ತಿದ್ರು?" ಮೊದಲೆಲ್ಲ ಅವರು ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದರು. ಒಬ್ಬ ಆನೆ ಅನ್ನುತ್ತಿದ್ದ, ಇನ್ನೊಬ್ಬ ಕೋಣ ಅನ್ನುತ್ತಿದ್ದ. ಸಣ್ಣ ಜಗಳವೇ ಆಗುತ್ತಿತ್ತು. ಕೊನೆಗೆ ಯಾರೋ ಒಬ್ಬಳು "ಸಾರ್, ಇದಕ್ಕೆ ಹಲ್ಲಿದೆ, ಸೈಕಲ್ ಚಕ್ರದ ಥರ" ಅನ್ನುತ್ತಿದ್ದಳು. ಅಷ್ಟು ಸಾಕು. ನಡುವೆ ಒಂದು ದೊಡ್ಡ ಚಕ್ರ ಇಟ್ಟು ನಾಲ್ಕನ್ನೂ ಒಟ್ಟಿಗೆ ತಿರುಗಿಸಿರಬೇಕು ಅನ್ನುವುದನ್ನು ಅವರೇ ಕಟ್ಟಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು ನೀವು.

ಈಗ ಕಾಲೇಜು ಹುಡುಗರ ತಂಡ ಬಂದರೆ ನನ್ನ ಪ್ರಶ್ನೆ ಮುಗಿಯುವ ಮೊದಲೇ ಐದಾರು ಫೋನು ಹೊರಗೆ ಬರುತ್ತವೆ. ಉತ್ತರವೂ ಬರುತ್ತದೆ. ಎಷ್ಟೋ ಸಲ ಸರಿಯಾದ ಉತ್ತರವೇ. ಆದರೆ ಕಲ್ಲನ್ನು ಯಾರೂ ನೋಡಿರುವುದಿಲ್ಲ. ಕೆಳಗೆ ಇಳಿಯುವಾಗ ಮತ್ತೆ ಕೇಳಿದರೆ ಆ ಉತ್ತರವೂ ನೆನಪಿರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಇದನ್ನೇ ಒಂದು ಮ್ಯೂಸಿಯಂನಲ್ಲಿ ಪರೀಕ್ಷೆ ಮಾಡಿದ್ದರು. 2014ರಲ್ಲಿ ಅದು ಪ್ರಕಟವಾಯಿತು. ಫೋಟೊ ತೆಗೆದವರಿಗೆ, ಸುಮ್ನೆ ನಿಂತು ನೋಡಿದವರಿಗಿಂತ ಕಡಿಮೆ ನೆನಪಿತ್ತು. ಆದರೆ ವಸ್ತುವಿನ ಒಂದು ಭಾಗವನ್ನೇ ಝೂಮ್ ಮಾಡಿ ತೆಗೆದವರಿಗೆ ಹಾಗಾಗಲಿಲ್ಲ. ನನಗೆ ಈ ಎರಡನೇ ಮಾತು ಮುಖ್ಯ ಅನ್ನಿಸಿತು. ಕ್ಯಾಮೆರಾ ಅದೇ, ಕೈಯೂ ಅದೇ. ಈಗ ನಾನು ಹುಡುಗರಿಗೆ "ಕಲ್ಲಿನ ಫೋಟೊ ಬೇಡ, ಒಂದು ಹಲ್ಲಿನ ಫೋಟೊ ತೆಗೀರಿ" ಅನ್ನುತ್ತೇನೆ. ತಕ್ಷಣ ಎಲ್ಲರೂ ಬಗ್ಗುತ್ತಾರೆ. ಪ್ರಶ್ನೆಗಳು ಶುರುವಾಗುತ್ತವೆ.

ನನ್ನ ಬಾಯಿ ಕಟ್ಟಿಸಿದ್ದು ಮಾತ್ರ ಮೊಳಕಾಲ್ಮುರು ಕಡೆಯ ಒಬ್ಬ ಪಿಯುಸಿ ಹುಡುಗಿ. ಅವರ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ನಿಮಗೆ ಗೊತ್ತಿರುತ್ತದೆ. ಶಾಸನ ತಜ್ಞ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಕ್ರಿ.ಪೂ. 3ನೇ ಶತಮಾನದ್ದು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯಿಂದ ಇಸಿಲ ಅನ್ನುವ ಆಗಿನ ಊರಿನ ಅಧಿಕಾರಿಗಳಿಗೆ ಬಂದ ಪತ್ರ ಅದು. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ, ಆಮೇಲೆ ವಿಷಯಕ್ಕೆ ಬರುತ್ತದೆ. ತಾಯಿ ತಂದೆಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅದರಲ್ಲಿದೆ. ನಾನು ಎಂದಿನಂತೆ "ಪೂರ್ತಿ ಬ್ರಾಹ್ಮಿ ಲಿಪಿಯಲ್ಲಿದೆ" ಅಂದೆ. ಆ ಹುಡುಗಿ ಮೆಲ್ಲಗೆ "ಕೊನೇ ಪದ ಬ್ರಾಹ್ಮಿ ಅಲ್ಲ ಸಾರ್" ಅಂದಳು.

ಅವಳು ಹೇಳಿದ್ದೇ ಸರಿ. ಬರೆದವನ ಹೆಸರು ಚಪಡ. ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಅನ್ನುವ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಡಿಯ ಕಡೆ ಓಡಾಡುತ್ತಿದ್ದ ಲಿಪಿ ಅದು, ಬಲದಿಂದ ಎಡಕ್ಕೆ ಬರೆಯುವಂಥದ್ದು. ಅಷ್ಟು ದೂರದ ಲಿಪಿ ಕಲಿತ ಒಬ್ಬ ಬರಹಗಾರ ನಮ್ಮ ಬಂಡೆಯ ಮೇಲೆ ಸಹಿ ಹಾಕಿ ಹೋಗಿದ್ದಾನೆ! ಇಷ್ಟು ವರ್ಷ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ.

ಅವಳಿಗೆ ಎಲ್ಲಿ ಸಿಕ್ಕಿತು? ಫೋನಿನಲ್ಲೇ. ನಮ್ಮ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಸ್ಕ್ಯಾನ್ ಆಗಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ಅವಳ ಮೇಷ್ಟ್ರು ಮಕ್ಕಳನ್ನು ಆ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ "ಇದನ್ನ ಬರೆದೋನು ಯಾರು, ಹುಡುಕಿ ಬನ್ನಿ" ಅಂದಿದ್ದರಂತೆ. ಅದೊಂದು ಪ್ರಶ್ನೆ ಇಲ್ಲದಿದ್ದರೆ ಅದೇ ಫೋನಿನಲ್ಲಿ ಅವಳೂ ರೀಲ್ಸ್ ನೋಡುತ್ತಿದ್ದಳು, ಅಲ್ವಾ?

ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2023ರ ವರದಿ ಹಳ್ಳಿಗಾಡಿನ 14ರಿಂದ 18 ವರ್ಷದವರ ಬಗ್ಗೆ ಇತ್ತು. ಸುಮಾರು 90% ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಸುಮಾರು 25% ಮಕ್ಕಳಿಗೆ 2ನೇ ತರಗತಿಯ ಪಾಠವನ್ನು ತಮ್ಮ ಭಾಷೆಯಲ್ಲೇ ಸರಾಗವಾಗಿ ಓದಲು ಬರುವುದಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜನ ಫೋನನ್ನು ಬೈಯುತ್ತಾರೆ. 2ನೇ ತರಗತಿಯ ಓದು 7 ವರ್ಷಕ್ಕೆ ಬರಬೇಕಾದದ್ದು. ಆಗ ಬಾರದೆ ಉಳಿದದ್ದಕ್ಕೆ ಆಮೇಲೆ ಕೈಗೆ ಬಂದ ಫೋನನ್ನು ಹೊಣೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಗ್ರಂಥಾಲಯದ ವಿಷಯ. 2020ರಲ್ಲಿ 'ಓದುವ ಬೆಳಕು' ಅನ್ನುವ ಸರ್ಕಾರಿ ಕಾರ್ಯಕ್ರಮ ಬಂದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಮ್ಮ ಮನೆಯ ಮಗುವಿಗೂ ಕಾರ್ಡ್ ಆಯಿತು. ಆಮೇಲೆ ಗ್ರಂಥಾಲಯಕ್ಕೆ 'ಅರಿವು ಕೇಂದ್ರ' ಅಂತ ಹೊಸ ಬೋರ್ಡು ಬಂತು, ಕಂಪ್ಯೂಟರ್ ಬಂತು. ತುಂಬಾ ಖುಷಿಪಟ್ಟಿದ್ದೆವು. ಆದರೆ ನಾನು ಬಲ್ಲ ಒಂದು ಕೇಂದ್ರದಲ್ಲಿ ಆ ಕಂಪ್ಯೂಟರ್ ಮೇಲಿನ ಬಟ್ಟೆ ತೆಗೆದಿದ್ದನ್ನು ನೋಡಿಲ್ಲ. ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಬಾಗಿಲಿಗೆ ಬೀಗ. ಮೇಲ್ವಿಚಾರಕರನ್ನು ನಾನು ದೂರುವುದಿಲ್ಲ. ಪಂಚಾಯಿತಿಯ ಬೇರೆ ಕೆಲಸಕ್ಕೂ ಅವರನ್ನೇ ಓಡಿಸುತ್ತಾರೆ. ನಾವು ಕಂದಾಯದ ಜೊತೆ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅದಕ್ಕೆ ಸಂಜೆ ಬಾಗಿಲು ತೆಗೆದಿರಲಿ ಅಂತ ಕೇಳುವುದು ಜಾಸ್ತಿ ಆಗಲಾರದು.

ಫೋನು ಕಿತ್ತುಕೊಳ್ಳಿ ಅಂತ ಕೆಲವರು ನಿಮಗೆ ಮನವಿ ಕೊಡಬಹುದು. ದಯವಿಟ್ಟು ಅಷ್ಟಕ್ಕೇ ನಿಲ್ಲಬೇಡಿ. ತರಗತಿಯಲ್ಲಿ ಬೇಡ ಅನ್ನುವುದು ಸರಿ. ಆದರೆ ಸಂಜೆ 5ರಿಂದ 8ರವರೆಗೆ ಅರಿವು ಕೇಂದ್ರ ತೆರೆದಿರಲಿ. ಆ ಮೂರು ಗಂಟೆಗೆ ಮೇಲ್ವಿಚಾರಕರಿಗೆ ಬೇರೆಯಾಗಿ ದುಡ್ಡು ಕೊಡಿ. ಮಕ್ಕಳ ಜೊತೆ ಕೂತು ಪ್ರಶ್ನೆ ಕೇಳುವ ಒಬ್ಬರು ದೊಡ್ಡವರು ಅಲ್ಲಿರಲಿ. ಪ್ರತಿ ಹೈಸ್ಕೂಲೂ ವರ್ಷಕ್ಕೆ ಒಂದು ಸಲ ತನ್ನ ತಾಲ್ಲೂಕಿನ ಒಂದು ಜಾಗಕ್ಕೆ ಹೋಗಲಿ: ಕೆರೆ, ವೀರಗಲ್ಲು, ಎಣ್ಣೆ ಗಾಣ, ರೇಷ್ಮೆ ಸೀರೆ ನೇಯುವ ಮನೆ, ಏನಾದರೂ ಸರಿ. ಹಿರಿಯರನ್ನು ಮಾತಾಡಿಸಲಿ, ಫೋನಿನಲ್ಲೂ ಹುಡುಕಲಿ, ಎರಡೂ ಹೊಂದದೇ ಇದ್ದಲ್ಲಿ ಯಾಕೆ ಅಂತ ಬರೆಯಲಿ. ಆ ಬರಹ ಊರಿನ ಕೇಂದ್ರದಲ್ಲೇ ಉಳಿಯಲಿ.

ಒಂದೇ ಸಲ ಇಡೀ ಜಿಲ್ಲೆ ಬೇಡ. ಮೊಳಕಾಲ್ಮುರು ತಾಲ್ಲೂಕಿನಿಂದ ಶುರು ಮಾಡಿ. ಡಿಸೆಂಬರ್‌ನಲ್ಲಿ ಪ್ರವಾಸದ ಬಸ್ಸುಗಳು ಬರಲು ಶುರುವಾದರೆ ನನಗೆ ಪುರುಸೊತ್ತು ಇರುವುದಿಲ್ಲ. ಅಲ್ಲಿಯವರೆಗೆ ವಾರಕ್ಕೆ ಎರಡು ಸಂಜೆ ಯಾವ ಕೇಂದ್ರಕ್ಕೆ ಹೇಳಿದರೂ ಬಂದು ಮಕ್ಕಳ ಜೊತೆ ಕೂರುತ್ತೇನೆ. ಸಂಬಳ ಬೇಡ, ಬಸ್ ಚಾರ್ಜೂ ಬೇಡ. ಬಾಗಿಲು ತೆಗೆದಿರಲಿ, ಸಾಕು.

ಇಂತಿ ನಿಮ್ಮವ,
ಕೋಟೆಯ ಒಬ್ಬ ಗೈಡ್, ಚಿತ್ರದುರ್ಗ